ನಾಲ್ಕು ಮೋಡೆಮ್, ಮೂರು ಊರು

ನವೆಂಬರ್ 4, ಸೋಮವಾರ

ಮೂರನೇ ಮೋಡೆಮ್ ಮತ್ತೆ ಕೆಂಪು ದೀಪ. ವೈರ್ ಕಿತ್ತು ಮತ್ತೆ ಹಾಕಿದೆ. ಹಸಿರು. ಬೆಳಿಗ್ಗೆಯಿಂದ ಇದು ಆರನೇ ಸಲ. ತುರ್ವಿಹಾಳದಿಂದ ಬಸ್ಸಿನಲ್ಲಿ ನಿಂತೇ ಬಂದ ಕಾಲು ಬೇರೆ ಜುಮ್ ಎನ್ನುತ್ತಿದೆ.

ಕೆಲಸ ಏನೆಂದು ಒಂದು ಸಲ ನೆಟ್ಟಗೆ ಬರೆದುಕೊಳ್ಳುತ್ತೇನೆ. ಬರೆದರೇ ನನ್ನ ತಲೆಗೆ ಹತ್ತುವುದು. ನರಸಣ್ಣ ಸಾವ್ಕಾರರ ಭತ್ತ ಕೊಯ್ಯುವ ಮಷಿನ್‌ಗಳು ಬಾಡಿಗೆಗೆ ಹೋಗುತ್ತವೆ. ಸಿಂಧನೂರು ದೊಡ್ಡ ಆಫೀಸು, ನಾಲ್ಕು ಟೇಬಲ್. ಲಿಂಗಸುಗೂರಿನಲ್ಲಿ ಒಂದು ಟೇಬಲ್, ಮಸ್ಕಿಯಲ್ಲಿ ಒಂದು. ನಾಳೆ ಎಷ್ಟು ಗಂಟೆಗೆ ಯಾರ ಹೊಲಕ್ಕೆ ಮಷಿನ್ ಎಂದು ರೈತರಿಗೆ, ಡ್ರೈವರುಗಳಿಗೆ ಮೆಸೇಜ್ ಹೋಗಬೇಕು. ವಾಟ್ಸಾಪ್ ಗ್ರೂಪ್ ಮಾಡಿ ನೋಡಿದ್ದಾಯಿತು. ಗುಡ್ ಮಾರ್ನಿಂಗ್ ಗುಲಾಬಿ ಹೂವುಗಳ ಅಡಿಯಲ್ಲಿ ಮಷಿನ್ ಸುದ್ದಿ ಹೂತುಹೋಗುತ್ತದೆ. ಅರ್ಧ ಜನರ ಹತ್ತಿರ ಬಟನ್ ಫೋನು. ಅದಕ್ಕೇ ಸಿಮ್ ಹಾಕುವ ನಾಲ್ಕು ಮೋಡೆಮ್ ಬಂದಿವೆ. ನಾಲ್ಕೂ ಸಿಂಧನೂರಿನ ಒಂದೇ ಕಂಪ್ಯೂಟರಿಗೆ. ಅವನ್ನು ಮೂರು ಊರಿನ ಆರು ಟೇಬಲ್ಲಿಗೆ ಹಂಚುವವಳು ನಾನು — ಮಹಾಲಕ್ಷ್ಮಿ, ಡಿಪ್ಲೊಮಾ, ಸಿಟ್ಟು ಜಾಸ್ತಿ.

ನವೆಂಬರ್ 5

ಸಾವ್ಕಾರರು ಕರೆದರು. ಮಸ್ಕಿ ಬಗ್ಗೆ.

"ಅಲ್ಲೀದು ದಿನಾ ಕಿರಿಕಿರಿ ಆಗೈತವ್ವ. ಮಷಿನ್ ಹೋಗಿ ಹೊಲದಾಗ ನಿಂತಿರ್ತೈತಿ, ರೈತ ಊರಾಗೇ ಇರಂಗಿಲ್ಲ. ಅವ್ರು ಇಲ್ಲಿಗೆ ಫೋನ್ ಮಾಡಿ ಹೆಸರು ಹೇಳಬೇಕು, ಇಲ್ಲಿಯವ್ರು ತಮ್ಮ ಕೆಲಸ ಮುಗಿಸಿ ಮ್ಯಾಲೆ ಟೈಪ್ ಮಾಡಬೇಕು. ಈ ತಿಂಗಳ ಕೊನೀತನಕ ನೋಡ್ತೀನಿ. ನಿನ್ನ ಮೋಡೆಮ್ಮಿಂದ ಸುಧಾರಿಸಿದ್ರ ಸರಿ. ಇಲ್ಲಂದ್ರ ಮಸ್ಕಿ ಮುಚ್ಚಿಬಿಡ್ತೀನಿ."

"ಕಲ್ಯಾಣಮ್ಮಕ್ಕಾರು ಏನ್ ಮಾಡಬೇಕ್ರೀ?"

"ಸಿಂಧನೂರಿಗೆ ಬರ್ಲಿ."

ಹೇಗೆ ಬರಬೇಕು? ಮಸ್ಕಿ ಟೇಬಲ್ ನೋಡಿಕೊಳ್ಳುವ ಕಲ್ಯಾಣಮ್ಮಕ್ಕನ ಬಲಗಾಲು ಚಿಕ್ಕಂದಿನಿಂದ ಸ್ವಾಧೀನದಲ್ಲಿಲ್ಲ. ಮಸ್ಕಿ ಆಫೀಸು ಅವರ ಮನೆಯಿಂದ ನಾಲ್ಕು ಅಂಗಡಿ ದೂರ, ಗೋಡೆ ಹಿಡಿದು ಬರುತ್ತಾರೆ. ನಲವತ್ತೊಂದನೇ ವಯಸ್ಸಿಗೆ ಸಿಕ್ಕ ಮೊದಲ ಕೆಲಸ ಅದು. ಮುಚ್ಚಿದರೆ ಅವರು ಮನೆಯಲ್ಲೇ. ಇದನ್ನೆಲ್ಲ ಸಾವ್ಕಾರರಿಗೆ ಹೇಳಬೇಕಿತ್ತು, ಬಾಯಿ ಬರಲಿಲ್ಲ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ನವೆಂಬರ್ 7, ಮಧ್ಯಾಹ್ನ

ಆಯಿತು!! ಮಸ್ಕಿ ಸೇರಿತು. ಫೋನಿನಲ್ಲಿ ಅಕ್ಕನ ಕೂಗು: "ಬಂದಾವ ತಂಗಿ! ನಾಲ್ಕೂ ನನ್ನ ಪರದೆ ಮ್ಯಾಲೆ ಕುಂತಾವ!" ಲಿಂಗಸುಗೂರಿನ ಸಿದ್ದರಾಮೇಶನಿಗೂ ಕಂಡವು. ಖುಷಿಗೆ ಪಕ್ಕದ ಟೇಬಲ್ಲಿನ ಸಲ್ಮಾಳ ಡಬ್ಬಿಯಿಂದ ಎರಡು ಖಜೂರ ಕೇಳದೇ ತಿಂದೆ.

ಅದೇ ದಿನ, ಸಂಜೆ ಐದು

ಎಲ್ಲಿಯ ಖುಷಿ. ಅಕ್ಕ ಕ್ಲಿಕ್ ಮಾಡಿದಾಗಲೆಲ್ಲ 'ಬಿಝಿ'. ಒಂದನೇ ಮೋಡೆಮ್ ಬಿಝಿ, ಎರಡನೇದು ಬಿಝಿ, ಮೂರು, ನಾಲ್ಕು... ಮಧ್ಯಾಹ್ನದಿಂದ ಮಸ್ಕಿಯ ಒಂದೂ ಮೆಸೇಜ್ ಹೋಗಿಲ್ಲ.

ನವೆಂಬರ್ 9

ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಸ್ವಿಚ್ ಬದಲಿಸಿದೆ. ಇಲಿ ಕಡಿದಿದೆಯೇ ಎಂದು ಟೇಬಲ್ ಕೆಳಗೆ ಮಲಗಿ ವೈರ್ ಮುಟ್ಟಿ ನೋಡಿದೆ. ಜೇಡರಬಲೆ ತಲೆಗೆ. ಕಂಪನಿಯ ಸಹಾಯವಾಣಿಯವನು ಮೂರು ಸಲ 'ಆಫ್ ಮಾಡಿ ಆನ್ ಮಾಡಿ ಮೇಡಮ್' ಎಂದ. ನಾಲ್ಕನೇ ಸಲ ನಾನೇ ಫೋನ್ ಆಫ್ ಮಾಡಿದೆ.

ನವೆಂಬರ್ 14, ಗುರುವಾರ

ನಾಲ್ಕು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಎಲ್ಲ ಬಿಝಿ.

ಇವತ್ತು ಮೋಡೆಮ್‌ಗಳ ಲಾಗ್ ತೆಗೆದು ಓದಿದೆ. ಮೊದಲೇ ಓದಬೇಕಿತ್ತು, ದಡ್ಡಿ ನಾನು. ಒಂದನೇ ಮೋಡೆಮ್ — ಆದೆಪ್ಪಣ್ಣನ ಟೇಬಲ್ಲಿನಿಂದ ಬೆಳಿಗ್ಗೆ 9:34ಕ್ಕೆ ತೆಗೆದಿದ್ದು, ಸಂಜೆ 5:50ಕ್ಕೆ ಮುಚ್ಚಿದ್ದು. ಅಷ್ಟರಲ್ಲಿ ಹೋದ ಮೆಸೇಜ್ ನಲವತ್ತೊಂದು. ಅದಕ್ಕೆ ಹಿಡಿದ ಹೊತ್ತು ಆರು ನಿಮಿಷವೂ ಇಲ್ಲ! ಎರಡನೇದು, ಮೂರನೇದು, ನಾಲ್ಕನೇದು — ಸಲ್ಮಾ ಮತ್ತಿಬ್ಬರದು — ಅದೇ ಕಥೆ. ಬಂದ ತಕ್ಷಣ ಒಬ್ಬೊಬ್ಬರು ಒಂದೊಂದು ತೆಗೆದು ಇಟ್ಟುಕೊಳ್ಳುತ್ತಾರೆ. ಊಟಕ್ಕೆ ಹೋಗುವಾಗಲೂ ಬಿಡುವುದಿಲ್ಲ. ಮೋಡೆಮ್ ಕೆಟ್ಟಿಲ್ಲ, ಏನೂ ಕೆಟ್ಟಿಲ್ಲ.

ಆದೆಪ್ಪಣ್ಣ ಇಲ್ಲಿ ಎಲ್ಲರಿಗಿಂತ ಹಳಬರು. ಹೋಗಿ ಕೇಳಿದೆ. "ಅಣ್ಣಾರ, ಕಳಿಸಿದ ಮ್ಯಾಲೆ ಯಾಕ ಮುಚ್ಚಂಗಿಲ್ರೀ?"

ನನ್ನನ್ನು ಸಣ್ಣ ಮಗುವಿನಂತೆ ನೋಡಿದರು. "ಮುಚ್ಚಿದ್ರ ಇನ್ನೊಬ್ಬ ಹಿಡೀತಾನ. ಮತ್ತ ನನಗ ಬೇಕಾದಾಗ ಸಿಗ್ತೈತೇನು?"

"ಈಗ ಬೇಕಾಗಿಲ್ಲಲ್ರೀ!"

"ಯಾವಾಗ ಬೇಕಾಗ್ತೈತೋ ಯಾರಿಗೆ ಗೊತ್ತು ತಂಗಿ."

ನವೆಂಬರ್ 15

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ನಕ್ಕರು ನಕ್ಕರು, ಕೆಮ್ಮು ಬರುವಷ್ಟು ನಕ್ಕರು.

"ನನ್ನ ತವರುಮನಿ ಕಾಲುವಿ ಕೆಳಭಾಗದ ಊರು ತಂಗಿ. ಮ್ಯಾಲಿನವ್ರು ಗದ್ದಿ ತುಂಬಿ ಹಳ್ಳಕ್ಕ ಹರಿದ್ರೂ ತೂಬು ಮುಚ್ಚಂಗಿಲ್ಲ. ಮುಚ್ಚಿದ್ರ ಮತ್ತ ನೀರು ಬರ್ತೈತೋ ಇಲ್ಲೋ ಅಂತ ಹೆದರಿಕಿ. ನಮ್ಮಪ್ಪ ಹಗಲೆಲ್ಲ ಸಲಿಕಿ ಹಿಡ್ಕೊಂಡು ಒಣ ಕಾಲುವ್ಯಾಗ ಕುಂತಿರ್ತಿದ್ದ. ಈಗ ನಾನು ಕಂಪ್ಯೂಟರ್ ಮುಂದ ಹಂಗ ಕುಂತೀನಿ ನೋಡು."

ಆದೆಪ್ಪಣ್ಣನ ಗದ್ದೆ ಇರುವುದು ಕಾಲುವೆಯ ಮೇಲ್ಭಾಗದಲ್ಲಿ. ನಮ್ಮ ಮನೆಯದೂ ಅಲ್ಲೇ. ನಮ್ಮಪ್ಪ ತೂಬು ಮುಚ್ಚಿದ್ದನ್ನು ನಾನು ಯಾವತ್ತೂ ನೋಡಿಲ್ಲ... ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು.

ನವೆಂಬರ್ 16, ಶನಿವಾರ

ಉಪಾಯ ಮಾಡಿದೆ. ಎರಡು ನಿಮಿಷ ಸುಮ್ಮನಿದ್ದರೆ ಮೋಡೆಮ್ ತಾನೇ ಕಳಚಿಕೊಳ್ಳುತ್ತದೆ. ಕೈ ಬಿಡದವರ ಕೈ ಬಿಡಿಸುವ ಸೆಟ್ಟಿಂಗ್. ಯಾರಿಗೂ ಹೇಳಿಲ್ಲ. ಶಹಬ್ಬಾಸ್ ಮಹಾಲಕ್ಷ್ಮಿ.

ನವೆಂಬರ್ 18

ಮಸ್ಕಿಯಿಂದ ಮೂವತ್ತೆರಡು ಮೆಸೇಜ್ ಹೋದವು. ಮೂವತ್ತೆರಡು! ಆದೆಪ್ಪಣ್ಣ ಮಾತ್ರ ಪರದೆಗೆ ಬೈಯುತ್ತ ಕೂತಿದ್ದರು. "ಏನ್ ಶನಿ ಮಷಿನ್ ತಂದಿಟ್ಟಾರಲೇ, ಚಾ ಕುಡಿದು ಬರೋದ್ರಾಗ ಕಳಚ್ಕೊಂತೈತಿ." ನಾನು ಫೈಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ.

ನವೆಂಬರ್ 20, ಬುಧವಾರ, ಮಧ್ಯಾಹ್ನ 12:40

ನಾಲ್ಕೂ ಸಿಮ್ ಖಲಾಸ್. ಒಂದು ಸಿಮ್ಮಿಗೆ ದಿನಕ್ಕೆ ನೂರೇ ಮೆಸೇಜ್, ನಾಳೆ ಬೆಳಿಗ್ಗೆಯವರೆಗೆ ಒಂದೂ ಹೋಗುವುದಿಲ್ಲ. ನಾವು ಕಳಿಸಿದ್ದು ನೂರಿಪ್ಪತ್ತು. ಸಿಮ್ ಲೆಕ್ಕದಲ್ಲಿ ನಾನೂರು. ಉಳಿದ ಇನ್ನೂರೆಂಬತ್ತು ಎಲ್ಲಿ ಹೋದವು? ಸಾವ್ಕಾರರು ಬರುತ್ತಿದ್ದಾರೆ.

ಅದೇ ದಿನ, ಸಂಜೆ

ಆದದ್ದು ಇದು. ಎರಡು ನಿಮಿಷದ ಗುಟ್ಟು ಆದೆಪ್ಪಣ್ಣ ನಿನ್ನೆ ಸಂಜೆ ಕಂಡುಹಿಡಿದರಂತೆ. ಮೋಡೆಮ್ ಕಳಚಿಕೊಳ್ಳದಂತೆ ಎರಡು ನಿಮಿಷಕ್ಕೊಮ್ಮೆ ತಮ್ಮದೇ ಮೊಬೈಲಿಗೆ ಒಂದು ಚುಕ್ಕೆ ಕಳಿಸುತ್ತ ಕೂತರು. ಬರೀ ಚುಕ್ಕೆ! ಇವತ್ತು ಉಳಿದ ಮೂವರಿಗೂ ಕಲಿಸಿದ್ದಾರೆ. ಸಲ್ಮಾ ಬೆಳಿಗ್ಗೆಯಿಂದ ತನಗೆ ತಾನೇ ಎಪ್ಪತ್ತು ಸಲ 'ಹಾಯ್' ಹೇಳಿಕೊಂಡಿದ್ದಾಳೆ.

ಮಧ್ಯಾಹ್ನದ ಮೇಲೆ ಎಲ್ಲ ಕೆಲಸ ಫೋನಿನಲ್ಲಿ. ಒಂಬತ್ತು ಮಷಿನ್ ಎಲ್ಲಿಗೆ ಹೋಗಬೇಕೆಂದು ತಿಳಿಯದೇ ರಸ್ತೆ ಬದಿಯಲ್ಲಿ ನಿಂತಿದ್ದವು. ಸಾವ್ಕಾರರು ಕೂಗಾಡಿದರು. "ಮೋಡೆಮ್ ಹಂಚೋದೂ ಬ್ಯಾಡ, ಏನೂ ಬ್ಯಾಡ! ಮೂರೂರಿಗೆ ಹಂಚಿದ್ದಕ್ಕೇ ಹಿಂಗಾಗೈತಿ. ಮಸ್ಕಿ ನಾಳೇನೇ ಮುಚ್ಚಿಸ್ತೀನಿ."

ನನಗೆ ಅಳು ಬಂತು. ಅತ್ತೆ, ಎಲ್ಲರ ಮುಂದೆಯೇ. ಆಗ ಆದೆಪ್ಪಣ್ಣ ಎದ್ದು ಬಂದರು. ತಮ್ಮ ಮೊಬೈಲ್ ತೆಗೆದು ಸಾವ್ಕಾರರ ಕೈಗಿಟ್ಟರು. ಚುಕ್ಕೆ, ಚುಕ್ಕೆ, ಚುಕ್ಕೆ, ಕೆಳಗೆ ಸರಿಸಿದಷ್ಟೂ ಚುಕ್ಕೆ.

"ಮಸ್ಕಿಯವ್ರದ್ದು ತಪ್ಪಿಲ್ರೀ ಸಾವ್ಕಾರ್ರ. ಈ ಹುಡುಗೀದೂ ಇಲ್ಲ. ನಾನು ಮಾಡೀನಿ."

ಸಾವ್ಕಾರರು ಚುಕ್ಕೆಗಳನ್ನು ನೋಡಿದರು, ಆದೆಪ್ಪಣ್ಣನನ್ನು ನೋಡಿದರು. "ಹದಿನಾರು ವರ್ಷದ ಸರ್ವೀಸ್ ಇದಕ್ಕೇನೋ ಮಾರಾಯಾ!" ಎಂದರು. ಕೊನೆಗೆ ಮಸ್ಕಿಗೆ ಮೊದಲು ಹೇಳಿದ ಗಡುವೇ ಉಳಿಯಿತು, ತಿಂಗಳ ಕೊನೆ. ಒಂದು ದಿನವೂ ಹೆಚ್ಚಿಲ್ಲ.

ನವೆಂಬರ್ 21

ಕಿತ್ತುಕೊಳ್ಳುವ ಉಪಾಯ ಸಾಕು. ನಾನು ಗುಟ್ಟು ಮಾಡಿದೆ, ಅವರೂ ಗುಟ್ಟು ಮಾಡಿದರು. ಇವತ್ತು ಎಲ್ಲರನ್ನೂ ಕೂರಿಸಿ ಬಾಯಿಬಿಟ್ಟು ಹೇಳಿದೆ. ಇನ್ನು ಮೇಲೆ ಮೋಡೆಮ್ ಯಾರ ಕೈಗೂ ಸಿಗುವುದಿಲ್ಲ. ಎಲ್ಲರ ಮೆಸೇಜೂ ಒಂದೇ ಸಾಲಿಗೆ ಬಂದು ಬೀಳುತ್ತದೆ, ಯಾವ ಮೋಡೆಮ್ ಖಾಲಿಯೋ ಅದು ಎತ್ತಿ ಕಳಿಸುತ್ತದೆ. ಸಾಲು ಎಲ್ಲರ ಪರದೆಯ ಮೇಲೂ ಕಾಣುತ್ತದೆ. ಯಾರೂ ಹಿಡಿಯಬೇಕಾಗಿಲ್ಲ.

"ಒಂದೇ ಹೊತ್ತಿಗೆ ಮೂರೂ ಊರಿಂದ ಬಂದ್ರ? ಮೊದಲು ಯಾರ್ದು?" ಸಲ್ಮಾ ಕೇಳಿದಳು. ಮೋಡೆಮ್ ಇರುವುದು ಇಲ್ಲಿ, ಹಾಗಾಗಿ ಸಿಂಧನೂರು ಮೊದಲು ಎಂದು ಇಬ್ಬರು. ನಾನು ಬಾಯಿ ತೆರೆಯುವಷ್ಟರಲ್ಲಿ ಆದೆಪ್ಪಣ್ಣ ಕಿಟಕಿ ಕಡೆ ನೋಡುತ್ತ ಅಂದರು, "ಕೆಳಗಿನವ್ರಿಂದ ಬಿಡು ತಂಗಿ. ಮೊದಲು ಮಸ್ಕಿ. ಆಮ್ಯಾಲೆ ಲಿಂಗಸುಗೂರು. ನಮ್ದು ಕಡೀಕ."

ನಾನು ಕೂಡಲೇ ಟೈಪ್ ಮಾಡಿದೆ, ಅವರ ಮನಸ್ಸು ಬದಲಾಗುವುದರೊಳಗೆ.

ನವೆಂಬರ್ 26

ನಾಲ್ಕು ದಿನದಿಂದ ಪುರುಸೊತ್ತಿಲ್ಲ, ಕೆಲಸ ನಡೆಯುತ್ತಿದೆ. ಮೊನ್ನೆ ಆದೆಪ್ಪಣ್ಣ ಪ್ರತಿ ಮೆಸೇಜ್ ಹೋದ ಮೇಲೂ ರೈತರಿಗೆ ಫೋನ್ ಮಾಡಿ "ಬಂತೇನಪ್ಪಾ? ಖರೇ ಬಂತಾ?" ಎಂದು ಕೇಳುತ್ತಿದ್ದರು. ಇವತ್ತು ಎರಡೇ ಸಲ ಕೇಳಿದರು. ಊಟಕ್ಕೆ ಹೋಗುವಾಗ ಪರದೆ ಆಫ್ ಮಾಡಿ ಹೋದರು! ಸಲ್ಮಾ ನನ್ನನ್ನು ತಿವಿದು ತೋರಿಸಿದಳು. ಮಸ್ಕಿಯಲ್ಲಿ ಈ ವಾರ ಒಂದು ಮಷಿನ್ನೂ ಸುಮ್ಮನೆ ನಿಂತಿಲ್ಲ. ಆದರೂ ಸಾವ್ಕಾರರು ತುಟಿ ಬಿಚ್ಚಿಲ್ಲ. ಶನಿವಾರ ಮಸ್ಕಿಗೆ ಹೋಗಿ ಕಣ್ಣಾರೆ ನೋಡುತ್ತಾರಂತೆ. ನನಗೂ ಬಾ ಎಂದಿದ್ದಾರೆ. ಅಕ್ಕನಿಗೆ ಹೇಳಿದರೆ, "ನೋಡ್ಲಿ ಬಿಡು" ಎಂದರು. ಆಮೇಲೆ ಎಷ್ಟು ಗಂಟೆಗೆ ಎಂದು ಮೂರು ಸಲ ಕೇಳಿದರು.

ನವೆಂಬರ್ 30, ಶನಿವಾರ. ಮಸ್ಕಿ. ಮಧ್ಯಾಹ್ನ 3:20

ಅಕ್ಕನ ಟೇಬಲ್ಲಿನ ಮೂಲೆಯಲ್ಲೇ ಕೂತು ಬರೆಯುತ್ತಿದ್ದೇನೆ.

ಸಾವ್ಕಾರರು ಒಳಗೆ ಬರಲೇ ಇಲ್ಲ. ಹೊರಗಿನ ಬೆಂಚಿನಲ್ಲಿ ರೈತರ ಜೊತೆ ಕೂತರು. ಇಲ್ಲಿಯ ರೈತರಿಗೆ ಅವರ ಮುಖ ಗೊತ್ತಿಲ್ಲ. ಅಕ್ಕ ನಲವತ್ತಾರು ಹೆಸರು ಹಾಕಿದರು. ಒತ್ತಿದರು. ಸಾಲಿನಲ್ಲಿ ಮಸ್ಕಿ, ಮಸ್ಕಿ, ಮಸ್ಕಿ...

ಹೊರಗೆ ಒಂದು ಫೋನು ಕಿಣಿ ಎಂದಿತು. ಇನ್ನೊಂದು. ಆಮೇಲೆ ನಾಲ್ಕೈದು ಒಟ್ಟಿಗೆ, ಜೇಬಿನಲ್ಲಿ, ರುಮಾಲಿನ ಗಂಟಿನಲ್ಲಿ. ಇಮಾಮ್‌ಸಾಬ್ ತಾತ ಕನ್ನಡಕ ತಂದಿರಲಿಲ್ಲ. ಪಕ್ಕದಲ್ಲಿದ್ದ ಸಾವ್ಕಾರರಿಗೇ ಫೋನ್ ಚಾಚಿದರು. "ಏನ್ ಬಂದೈತಿ ಓದಪ್ಪಾ ಒಂದೀಟು."

ಸಾವ್ಕಾರರು ಓದಿದರು. "ನಾಳೆ ಬೆಳಿಗ್ಗೆ ಏಳು ಗಂಟೆಗೆ ಮಷಿನ್ ನಿಮ್ಮ ಹೊಲಕ್ಕೆ ಬರುತ್ತದೆ."

"ಏಳಕ್ಕ ಅಂದ್ರ ಏಳಕ್ಕ ಬರ್ತೈತಿ. ಈಗ ಭಾಳ ಛಲೋ ಆಗೈತಿ. ಕಲ್ಯಾಣಮ್ಮ ಹೇಳಿದ್ರ ಮುಗೀತು," ಎಂದರು ತಾತ.

ಸಾವ್ಕಾರರು ಫೋನ್ ತಾತನಿಗೆ ಕೊಟ್ಟರು. ಆಮೇಲೆ ಎದ್ದು ಬಾಗಿಲಿಗೆ ಬಂದರು. "ಕಲ್ಯಾಣಮ್ಮಾರ, ಮುಂದಿನ ತಿಂಗಳ ತೊಗರಿ ಕೊಯ್ಲು, ರಾಶಿ ಶುರು ಆಗ್ತೈತಿ. ಅದಕ್ಕೂ ಹೆಸರು ಬರ್ಕೊಳ್ರಿ."

ನನಗೆ ತಡೆಯಲಾಗಲಿಲ್ಲ. "ಅಂದ್ರ ಮಸ್ಕಿ ಮುಚ್ಚಂಗಿಲ್ಲಲ್ರೀ?"

"ಮುಚ್ಚಿದ್ರ ಹೆಸರು ಯಾರು ಬರ್ಕೊಂತಾರವ್ವ?"

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಡ್ರಾಯರಿನಿಂದ ಹೊಸ ನೋಟ್‌ಬುಕ್ ತೆಗೆದರು, ಮೇಲೆ 'ತೊಗರಿ' ಎಂದು ದೊಡ್ಡದಾಗಿ ಬರೆದರು. ಬೆಂಚಿನವರೆಲ್ಲ ಆಗಲೇ ಎದ್ದು ಬಾಗಿಲಲ್ಲಿ ನೂಕಾಡುತ್ತಿದ್ದಾರೆ, ಇಮಾಮ್‌ಸಾಬ್ ತಾತ ಎಲ್ಲರಿಗಿಂತ ಮುಂದೆ. ಮೊದಲ ಹೆಸರಿಗೇ ಅಕ್ಕನ ಪೆನ್ನಿನ ಶಾಯಿ ಮುಗಿಯಿತು. ನನ್ನ ಪೆನ್ನಿಗೆ ಕೈ ಚಾಚಿದ್ದಾರೆ. ಒಂದು ನಿಮಿಷ ಅಕ್ಕಾ, ಈ ಸಾಲು ಮುಗಿಸಿ ಕೊಡುತ್ತೇ