ಕಾರು ಹೆಂಗದ ಅಂತ ಕೇಳಿದ್ದಿ

ರಾಯಚೂರು
11-8-2025, ಸೋಮವಾರ

ಪ್ರೀತಿಯ ಗೆಳತಿ ಅಕ್ಬರಿಗೆ, ಶರಣಮ್ಮನ ಶರಣು.

ಇವತ್ತು ಶ್ರಾವಣದ ಮೂರನೇ ಸೋಮವಾರ, ನನಗೆ ಒಪ್ಪತ್ತು. ನಳದ ನೀರು ಹಿಡಿದಿಟ್ಟು, ಅಂಗಳ ಗುಡಿಸಿ, ಪೂಜೆ ಮುಗಿಸಿ ಬರೆಯಲು ಕುಳಿತಿದ್ದೇನೆ. ಫೋನಿನಲ್ಲಿ ಮಾತಾಡಿದರೆ ಪಡಸಾಲೆಯಲ್ಲಿರುವ ಮಗ ಕೊಟ್ರೇಶನಿಗೆ ಎಲ್ಲ ಕೇಳಿಸುತ್ತದೆ.

ನಿನ್ನ ಮಗಳು ಗುಲ್ಫಶಾಗೆ ದೇವದುರ್ಗದಲ್ಲಿ ನರ್ಸ್ ಕೆಲಸ ಸಿಕ್ಕಿದ್ದು ಸಂತೋಷ. ಮಾನ್ವಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಕಷ್ಟವೇ. ನಮ್ಮವರ ಕಾರು ಕೊಡುವಂತಿದ್ದರೆ ಅದು ಹೇಗಿದೆ ಎಂದು ಕೇಳಿದ್ದೀಯ. ಹತ್ತು ವರ್ಷ ಅದರ ಎಡಗಡೆ ಸೀಟಿನಲ್ಲಿ ಕುಳಿತವಳು ನಾನು, ಹೇಳುತ್ತೇನೆ.

ಗಾಡಿ ಒಳ್ಳೆಯದು. ಹಿಂದೆ ಮೂರು ಜನ ಕಾಲು ಚಾಚಿ ಕೂಡಬಹುದು. ಡಿಕ್ಕಿಯಲ್ಲಿ ನಮ್ಮ ಮಿಲ್ಲಿನ ನಾಲ್ಕು ಅಕ್ಕಿ ಚೀಲ ಹಾಕುತ್ತಿದ್ದರು, ಅದಕ್ಕೇ ಹಿಂಭಾಗ ಸ್ವಲ್ಪ ಕುಸಿದಿದೆ. ಹೊಟ್ಟೆ ನೆಲಕ್ಕೆ ಹತ್ತಿರ. ಗಿಲ್ಲೆಸುಗೂರಿನ ಹಂಪ್ಸ್ ಬಂದರೆ ನನ್ನನ್ನು ಇಳಿಸುತ್ತಿದ್ದರು. “ನೀ ಇಳದ್ರ ಕಾರು ಒಂದು ಗೇಣು ಮ್ಯಾಲ ಏಳ್ತದ” ಎನ್ನುತ್ತಿದ್ದರು. ಬೇಸಿಗೆಯಲ್ಲಿ ಹಿಂದಿನವರಿಗೆ ಎ.ಸಿ. ತಂಪು ಮುಟ್ಟುವಷ್ಟರಲ್ಲಿ ಊರೇ ಬಂದಿರುತ್ತದೆ.

ಐದನೇ ವರ್ಷದಿಂದ ಸೆಲ್ಫ್ ನಂಬುವಂತಿಲ್ಲ. ಬಂದ್ ಮಾಡಿದರೆ ಮತ್ತೆ ಚಾಲೂ ಆಗುತ್ತದೆ ಎನ್ನುವ ಖಾತ್ರಿಯಿಲ್ಲ. ಹಾಗಾಗಿ ದೇವದುರ್ಗಕ್ಕೆ ಹೋಗುವಾಗ, ಗಬ್ಬೂರು ದಾಟಿದ ಮೇಲೆ ಬರುವ ಬಸವಣ್ಣನ ಗುಡಿ ಮುಂದೆ, ಅವರು ಇಂಜಿನ್ ನಿಲ್ಲಿಸದೆ ಇಳಿದು ಕಾಯಿ ಒಡೆಯುತ್ತಿದ್ದರು. ಅಲ್ಲಿ ಇಳಿಜಾರು. ಹ್ಯಾಂಡ್‌ಬ್ರೇಕ್ ಎಳೆದು ಹಿಡಿಯುವುದು ನನ್ನ ಕೆಲಸ. “ಬಿಗಿ ಹಿಡಿಬೇ ಶರಣೀ, ಇಲ್ಲಾಂದ್ರ ನಾ ಇಲ್ಲೇ ಉಳಿತೀನಿ, ನೀ ಒಬ್ಬಾಕಿ ದೇವದುರ್ಗ ಮುಟ್ಟತಿ” ಎಂದು ನಗುತ್ತಿದ್ದರು. ಅದಕ್ಕೆ ಎರಡೂ ಕೈ ಬೇಕು. ಎಳೆದರೆ ಕಾರು ನಿಲ್ಲುತ್ತದೆ.

ಅಪಘಾತ ಆಗಿದೆಯಾ ಎಂದೂ ಕೇಳಿದ್ದೀಯ. ಇಲ್ಲ. ಶಿವರಾತ್ರಿ ಕಳೆದ ನಾಲ್ಕನೇ ದಿನ ಅವರ ಜೀವ ಆ ಸೀಟಿನಲ್ಲೇ ಹೋಯಿತಲ್ಲ, ಆಗಲೂ ಕಾರಿಗೆ ಏನೂ ಆಗಲಿಲ್ಲ. ಎದುರಿನ ಕಾಲುವೆಗೆ ಎರಡು ಮಾರು ಇರುವಾಗ ನಿಂತಿತು. ಮಣ್ಣಿಗೆ ಬಂದವರಿಗೆಲ್ಲ ನಮ್ಮ ಕೊಟ್ರೇಶ ಹೇಳಿದ: “ಜೀವ ಹೋಗೋ ಹೊತ್ತಿನ್ಯಾಗೂ ನಮ್ಮಪ್ಪ ಬ್ರೇಕ್ ಒತ್ತಿ ನಮ್ಮವ್ವನ್ನ ಉಳಿಸ್ಯಾನ.”  ಈಗ ದಿನಾ ಬೆಳಿಗ್ಗೆ ಬಾನೆಟ್ಟಿಗೆ ವಿಭೂತಿ ಹಚ್ಚುತ್ತಾನೆ. ಮನೆಗೆ ಬಂದವರನ್ನು ಕರೆದೊಯ್ದು ತೋರಿಸುತ್ತಾನೆ. ಮಾರುವ ಮಾತೆತ್ತಿದರೆ, “ಯವ್ವಾ, ಗುಡಿ ಯಾರರ ಮಾರ್ತಾರೇನಬೇ?” ಎನ್ನುತ್ತಾನೆ.

ಆದರೆ ಕಾರು ನನ್ನ ಹೆಸರಿನಲ್ಲಿದೆ. ಸಹಿ ನಾನೇ ಹಾಕಬೇಕು, ಹಾಕುತ್ತೇನೆ. ಗುಲ್ಫಶಾ ಒಯ್ಯಲಿ. ಅಂಗಳದಲ್ಲಿ ಅದು ಕಾಣದಿದ್ದರೆ ನನಗೆ ಸಾಕು.

ಅವರು ಹೋದ ಮೇಲೆ ಅತ್ತಿದ್ದೀಯಾ ಎಂದು ಕೇಳಿದ್ದೀಯ. ಇಲ್ಲ. ರೊಟ್ಟಿ ಬಡಿಯುತ್ತೇನೆ, ಉಣ್ಣುತ್ತೇನೆ, ಮಲಗುತ್ತೇನೆ.

ಫೋನ್ ಮಾಡಬೇಡ. ಗುರುವಾರ ನಮ್ಮ ಮಿಲ್ಲಿನ ಲಾರಿಯ ಸಂಜೀವ ಮಾನ್ವಿಗೆ ಬರುತ್ತಾನೆ. ಉತ್ತರ ಬರೆದು ಅವನ ಕೈಗೆ ಕೊಡು.

ಗಬ್ಬೂರು ಶಾಲೆಯಲ್ಲಿ ನಿನ್ನ ಬೆಂಚಿನವಳು,
ಶರಣಮ್ಮ

ತಾ.ಕ.: ಒಪ್ಪತ್ತಿನ ದಿನ ಅರ್ಧ ಹೇಳಿ ಲಕೋಟೆ ಅಂಟಿಸಲು ಮನಸ್ಸು ಒಪ್ಪಲಿಲ್ಲ. ಅಂದು ಗುಡಿ ಬಂತು, ಕಾರು ನಿಲ್ಲಲಿಲ್ಲ. “ಏನ್ರೀ, ಬಸವಣ್ಣಗ ಕಾಯಿ ಒಡಿಲಾರದ ಹೊಂಟ್ರಲ್ಲಾ?” ಎಂದು ಬೈದೆ. ಮಾತಿಲ್ಲ. ತಿರುಗಿ ನೋಡಿದರೆ ಕಣ್ಣು ತೆರೆದೇ ಇದ್ದವು, ಕೈ ತೊಡೆಯ ಮೇಲೆ ಬಿದ್ದಿದ್ದವು. ಹ್ಯಾಂಡ್‌ಬ್ರೇಕ್ ಎಳೆದವಳು ನಾನು. ಅವರು ಆಗಲೇ ಇರಲಿಲ್ಲ. ಇದನ್ನು ಕೊಟ್ರೇಶನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅವನಿಗೆ ಅಪ್ಪ ಉಳಿದಿರುವುದು ಅಷ್ಟರಲ್ಲೇ.

ಅಂದಿನ ಕಾಯಿ ಇನ್ನೂ ಸೀಟಿನ ಕೆಳಗೇ ಇದೆ. ಕಾರು ಒಯ್ಯುವ ದಿನ ಗುಲ್ಫಶಾ ನನ್ನನ್ನು ಆ ಗುಡಿಯವರೆಗೆ ಕರೆದುಕೊಂಡು ಹೋಗಲಿ. ಇಂಜಿನ್ ಬಂದ್ ಮಾಡುವುದು ಬೇಡ. ಈ ಸಲ ನಾನು ಇಳಿಯುತ್ತೇನೆ, ಹ್ಯಾಂಡ್‌ಬ್ರೇಕ್ ಅವಳು ಹಿಡಿದಿರಲಿ.