ಕೊಳದಾಚೆಗೆ ಕೇಳದ ಈಡು

ಸೆಪ್ಟೆಂಬರ್ 5, ಸಂಜೆ

ಸ್ಟವ್‌ಗೆ ಸೌದೆ ತುಂಬಿದ್ದಾಯಿತು. ಮೈದುನ ವಿಲ್ಬರ್ಟ್ ಬೋಟನ್ನು ದಡದ ಮೇಲಕ್ಕೆಳೆದು ಕಟ್ಟಿದ. ಅತ್ತೆಯ ಹಾಸಿಗೆಯಡಿ ಸ್ಪ್ರೂಸ್ ಮರದ ಸೊಪ್ಪು ಇನ್ನೊಂದು ಪದರ ಹಾಸಿದೆ. ಆದರೂ ಬೆನ್ನಿಗೆ ಚುಚ್ಚುತ್ತಂತೆ. ಎಂಬತ್ತು ದಾಟಿದ ಮೇಲೆ ಬೇಟೆ ಕ್ಯಾಂಪು ಬೇಡ ಅಂದಿದ್ದೆ. "ಮಗ ನನ್ನೋನು. ಅವನ ಊಟಕ್ಕೆ ಮಾಂಸ ತರೋಕೆ ನಾನ್ ಬರದೆ ಇನ್ಯಾರ್ ಬರ್ತಾರೆ?" ಅಂದರು. ಮುಗಿಯಿತು.

ಎಲ್ಮರ್ ತೀರಿಹೋಗಿ ವರ್ಷವಾಗುತ್ತ ಬಂತು. ನದಿ ಹೆಪ್ಪುಗಟ್ಟಿದ ಮೇಲೆ ಅವನ ಹೆಸರಿನಲ್ಲಿ ಪಾಟ್ಲಾಚ್ — ಸತ್ತವರನ್ನು ಹಾಡಿ ಕಳಿಸಿಕೊಡುವ ಊಟ, ಸುತ್ತಲ ಊರಿನವರೆಲ್ಲ ಬಂದು ಉಣ್ಣಬೇಕು. ಮೂಸ್, ಆ ದೈತ್ಯ ಕಡವೆಯ ಮಾಂಸ ಇಲ್ಲದೆ ಅದು ಪಾಟ್ಲಾಚ್ ಅಲ್ಲ. ಅಂಗಡಿ ಕೋಳಿ ಬಡಿಸಿ ಗಂಡನನ್ನು ಕಳಿಸಿಕೊಡೋಕೆ ನನ್ನಿಂದಾಗದು. ಇಪ್ಪತ್ತೈದಕ್ಕೆ ಬೇಟೆ ಸೀಸನ್ ಮುಚ್ಚುತ್ತೆ. ಅಲ್ಲಿವರೆಗೆ ಇಲ್ಲೇ.

ಸೆಪ್ಟೆಂಬರ್ 7

ಅತ್ತೆ ಡಬ್ಬಿ ಮಾಂಸ ಮುಟ್ಟುತ್ತಿಲ್ಲ. "ಇದನ್ನ ನಾಯೀನೂ ಮೂಸಲ್ಲ." ಎರಡು ದಿನದಿಂದ ಬರೀ ಟೀ, ಟೀಯಲ್ಲಿ ಅದ್ದಿದ ಗಟ್ಟಿ ಬಿಸ್ಕೆಟ್. ಟೆಂಟಿನಿಂದ ಹೊರಬರುವಾಗ ತೂರಾಡಿದರು. ಹೀಗೇ ಆದರೆ ಅವರನ್ನು ಊರಿಗೆ ಕರೆದುಕೊಂಡು ಹೋಗಲೇಬೇಕು. ಹೋದರೆ ಈ ವರ್ಷದ ಕಥೆ ಮುಗಿಯಿತು — ಮತ್ತೆ ಬರೋಕೆ ಪೆಟ್ರೋಲಿಲ್ಲ.

ಬೆಳಗ್ಗೆ ಎಲ್ಮರ್‌ನ ಚಿಕ್ಕ ಕೋವಿ ಹಿಡಿದು ಕೊಳದ ಕಡೆ ಹೊರಟೆ. ಒಂದು ಕಾಡುಕೋಳಿ ಸಿಕ್ಕಿತು. ಅವನು ಯಾವಾಗಲೂ ಹಾಕುತ್ತಿದ್ದ ವೇಗದ ತೋಟಾ. ಚಟಾರ್ ಅಂತು! ಕೊಳ ಅದನ್ನು ಹಿಡಿದು ಗುಡ್ಡಕ್ಕೆ ಕೊಟ್ಟಿತು, ಗುಡ್ಡ ವಾಪಸ್ ಕೊಟ್ಟಿತು. ಆಚೆ ದಡದಲ್ಲಿ ಮರಿ ಜೊತೆ ನಿಂತಿದ್ದ ಹೆಣ್ಣು ಮೂಸ್ ನೀರೆಬ್ಬಿಸಿ ಓಡಿತು. ಹೆಣ್ಣು ಹೋದರೆ ಅದರ ಹಿಂದೆ ಬರುವ ಗಂಡೂ ಇಲ್ಲ.

ವಿಲ್ಬರ್ಟ್ ಕೆಂಡವಾಗಿದ್ದ. "ಡಂಗುರ ಹೊಡೆಸಿ ಬಂದ್ರಾ ಅತ್ತಿಗೆ? ಮೂಸ್‌ಗಳೆಲ್ಲ ಕೇಳಿಸ್ಕೊಂಡ್ವಂತೆ."

"ನಿಮ್ಮಮ್ಮ ಊಟ ಮಾಡೋದ್ ಬೇಡ್ವಾ?"

ಅವನು ಕೋಳಿ ಎತ್ತಿಕೊಂಡು ಪುಕ್ಕ ಕೀಳತೊಡಗಿದ. ಅತ್ತೆ ಸಾರು ಕುಡಿದು, ಪಾತ್ರೆಗೂ ಬೆರಳು ಹಾಕಿ ನೆಕ್ಕಿದರು.

ಹೊಡೆಯದಿದ್ದರೆ ಅತ್ತೆ ಇಲ್ಲಿ ಉಳಿಯಲ್ಲ. ಹೊಡೆದರೆ ಮೂಸ್ ಉಳಿಯಲ್ಲ. ಕೊಳಕ್ಕೆ ಕೇಳದ ಹಾಗೆ ಹೊಡೆಯೋದನ್ನು ಹುಡುಕಬೇಕು. ಹುಡುಕೇ ತೀರುತ್ತೇನೆ.

ಸೆಪ್ಟೆಂಬರ್ 8

ಕಂಬಳಿ ಮೇಲೆ ತೋಟಾ ಹರಡಿಕೊಂಡು ಕೂತೆ. ಎಲ್ಮರ್‌ದು ಬೇಡ — ಅದರ ಗುಂಡು ಸದ್ದಿಗಿಂತ ಮುಂದೆ ಓಡುತ್ತೆ, ಆ ಚಟಾರ್ ಅದರದ್ದೇ. ನಾನು ಅಂಗಡಿಯಿಂದ ತಂದ ನಿಧಾನದ್ದು ಒಂದು ಡಬ್ಬಿ ಇದೆ: ಉದ್ದ ಅಷ್ಟೇ, ಗುಂಡು ಭಾರ, ಮದ್ದು ಕಡಿಮೆ. ವಿಲ್ಬರ್ಟ್ ಜೇಬಿಂದ ಮೂರನೆಯದು ತೆಗೆದ. ಗಿಡ್ಡ ಪುಟಾಣಿ. ಒಳಗೆ ಮದ್ದು ಇದ್ದರೂ ಇಲ್ಲದಂತೆ.

"ಇದನ್ ಹಾಕಿ. ಪಕ್ಕದಲ್ ಮಲಗಿದೋರಿಗೂ ಎಚ್ಚರ ಆಗಲ್ಲ."

ಹಾಕಿ ನೋಡಿದೆ. ನಿಜ, ಚಪ್ಪಾಳೆ ತಟ್ಟಿದಷ್ಟೇ. ಇಬ್ಬರೂ ಮಕ್ಕಳ ಹಾಗೆ ನಕ್ಕೆವು.

ಸೆಪ್ಟೆಂಬರ್ 9

ಕೋವಿಯನ್ನು ಮೂಲೆಗಿಟ್ಟು ಬರೆಯುತ್ತಿದ್ದೇನೆ.

ಬಕೆಟ್ಟಿನ ನೀರಿನ ಮೇಲೆ ಐಸ್ ಕಟ್ಟಿತ್ತು, ಅಷ್ಟು ಚಳಿ. ಕಾಡುಕೋಳಿ ತಗ್ಗಿನ ಕೊಂಬೆ ಮೇಲೆ ಕೂತಿತ್ತು. ಪುಟಾಣಿ ತೋಟಾ ಹಾಕಿ ಹೊಡೆದೆ. ಟಪ್. ನಿನ್ನೆಗಿಂತಲೂ ಮೆತ್ತಗೆ. ಕೋಳಿ ಕಣ್ಣು ಮಿಟುಕಿಸಿತು. ಎರಡನೆಯದು ಹಾಕೋಕೆ ಕೈ ಹೋಗಿತ್ತು... ಆದರೆ ಎಲೆ ಅಲುಗಲಿಲ್ಲ, ತೊಗಟೆ ಹಾರಲಿಲ್ಲ. ಹಾಗಾದರೆ ಗುಂಡು ಎಲ್ಲಿ ಹೋಯಿತು? ಕೋವಿಯ ಹಿಂದಿನ ಬೋಲ್ಟ್ ಕಳಚಿ ನಳಿಗೆಯೊಳಗಿಂದ ಆಕಾಶ ನೋಡಿದೆ. ಆಕಾಶ ಇರಲಿಲ್ಲ. ಗುಂಡು ನಡುವೆ ಕಚ್ಚಿಕೊಂಡಿತ್ತು.

ಇನ್ನೊಂದು ಹೊಡೆದಿದ್ದರೆ ನಳಿಗೆ ನನ್ನ ಮುಖದ ಹತ್ತಿರವೇ ಸಿಡಿಯುತ್ತಿತ್ತು.

ಉಜ್ಜುವ ಸರಳು ತೂರಿಸಿ, ಕಟ್ಟಿಗೆಯಿಂದ ತಟ್ಟಿ ತಟ್ಟಿ ಹೊರತೆಗೆದೆವು. ಇಷ್ಟುದ್ದದ ನಳಿಗೆ ದಾಟಿಸೋಕೆ ಆ ಚಿಟಿಕೆ ಮದ್ದಿಗೆ, ಅದೂ ಈ ಚಳಿಯಲ್ಲಿ, ದಮ್ಮಿಲ್ಲ. ವಿಲ್ಬರ್ಟ್ ಮುಖ ಸಪ್ಪಗಾಗಿತ್ತು. ಅತ್ತೆ ಬಿಡಲಿಲ್ಲ: "ಒಂದೇ ಚಳಿಗಾಲಕ್ಕೆ ಎರಡ್ ಪಾಟ್ಲಾಚ್ ಮಾಡಿಸ್ತಿದ್ಯಲ್ಲೋ, ಮುಠ್ಠಾಳ!"

ಪುಟಾಣಿಗಳನ್ನೆಲ್ಲ ಅವನೇ ಕೊಳಕ್ಕೆ ಎಸೆದ.

ಸೆಪ್ಟೆಂಬರ್ 11

ಉಳಿದದ್ದು ನಿಧಾನದ್ದು. ಸದ್ದು ಪರವಾಗಿಲ್ಲ, ಒಣ ಕಡ್ಡಿ ಮುರಿದಷ್ಟು. ಆದರೆ ಗುಂಡು ತಗ್ಗಿ ಹೋಗುತ್ತೆ. ಕೋಳಿಗೆ ಗುರಿಯಿಟ್ಟರೆ ಕೋಳಿ ಕೂತ ಕೊಂಬೆಗೆ ಬೀಳುತ್ತೆ. ನಿನ್ನೆಯೂ ಇವತ್ತೂ ಬರಿಗೈ. ಅತ್ತೆ ಟೀ ಕುಡಿದು ಮಲಗಿದರು. ಬೈದಿದ್ದರೆ ಚೆನ್ನಾಗಿತ್ತು.

"ಅಣ್ಣನ್ ತೋಟಾನೇ ಹಾಕಿ ಅತ್ತಿಗೆ. ಆಗಿದ್ದಾಗ್ಲಿ" ಅಂದ ವಿಲ್ಬರ್ಟ್.

ಇಲ್ಲ. ಆಗಿದ್ದಾಗಲಿ ಅನ್ನೋಕೆ ಇಲ್ಲಿಗೆ ಬಂದಿಲ್ಲ ನಾನು.

ಬಿಸ್ಕೆಟ್ ಡಬ್ಬದ ರಟ್ಟಿಗೆ ಇದ್ದಿಲಿನಿಂದ ಕೋಳಿ ತಲೆಯಷ್ಟು ಗುಂಡಗೆ ಬರೆದುಕೊಂಡೆ. ಗುಡ್ಡದ ಹಿಂದೆ ಹೋಗಿ ಮಧ್ಯಾಹ್ನವೆಲ್ಲ ಹೊಡೆದೆ. ಹತ್ತಿರದಿಂದ ಸರಿಯಾಗಿ ಬೀಳುತ್ತೆ. ದೂರ ಹೋದರೆ ಎರಡು ಬೆರಳು ತಗ್ಗು. ತೋಟಾ ತಣ್ಣಗಿದ್ದರೆ ಇನ್ನೂ ತಗ್ಗು. ಅಂದರೆ ತೋಟಾ ಅಂಗಿಯೊಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು. ಮತ್ತೆ ಹತ್ತಿರ ಹೋಗಬೇಕು, ನಾಚಿಕೆಯಾಗುವಷ್ಟು ಹತ್ತಿರ. ಬೂಟು ಬಿಚ್ಚಿ ಉಣ್ಣೆ ಕಾಲುಚೀಲದಲ್ಲಿ ಪಾಚಿ ಮೇಲೆ ನಡೆದು ನೋಡಿದೆ. ಕಾಲು ಮರಗಟ್ಟಿತು, ಸದ್ದಂತೂ ಇಲ್ಲ.

ಸೆಪ್ಟೆಂಬರ್ 14

ಎರಡು! ಒಂದೇ ಮರದಲ್ಲಿ. ಕೆಳಗಿನದನ್ನು ಮೊದಲು ಹೊಡೆದೆ — ಮೇಲಿನದು ಮೊದಲು ಬಿದ್ದರೆ ಕೆಳಗಿನದು ಹೆದರಿ ಹಾರುತ್ತೆ. ಮೇಲಿನದು ಕತ್ತು ಬಗ್ಗಿಸಿ ನೋಡುತ್ತಲೇ ಕೂತಿತ್ತು. ಕೊಳದ ಆ ತುದಿಯಲ್ಲಿದ್ದ ವಿಲ್ಬರ್ಟ್‌ಗೆ ಏನೂ ಕೇಳಿಸಲೇ ಇಲ್ಲವಂತೆ. ಗೆದ್ದೆ ಅನ್ನಿಸಿತು. ಬರೆಯಬಾರದು, ಆದರೂ ಅನ್ನಿಸಿತು.

ಅತ್ತೆ ಮೂಳೆಯನ್ನೂ ಚೀಪಿದರು. ಎಲ್ಲರೂ ಖುಷಿಯಲ್ಲಿದ್ದೆವು. ಆಗಲೇ ವಿಲ್ಬರ್ಟ್ ಹಾಳುಮಾಡಿದ: "ಇನ್ನೇನ್, ಶನಿವಾರದೊಳಗೆ ದೊಡ್ಡ ಮೂಸ್ ಹೊಡೆದ್ ಹಾಕ್ತೀನಿ ನೋಡ್ತಿರಿ."

ಅತ್ತೆಯ ಲೋಟ ಅವನ ಕಿವಿ ಪಕ್ಕದಲ್ಲೇ ಹಾರಿತು. "ಯಾರೋ ನೀನು ಹೊಡೆಯೋನು? ಅದು ತಾನಾಗಿ ಬಂದ್ರೆ ಉಂಟು. ಎಲ್ಲಾ ಕೇಳಿಸ್ಕೊಳ್ಳತ್ತೆ ಅದು!"

ಅವನು ತಲೆ ಬಗ್ಗಿಸಿದ. ಆಡಿದ್ದು ಆಡಿಯಾಗಿತ್ತು.

ಸೆಪ್ಟೆಂಬರ್ 20

ಬರೆಯೋಕೆ ಏನೂ ಇರಲಿಲ್ಲ. ಕೋಳಿ, ಮೊಲ, ಮತ್ತೆ ಕೋಳಿ. ಅತ್ತೆಗೆ ಬಲ ಬಂದಿದೆ. ದಿನವಿಡೀ ಬೈಯುತ್ತಾರೆ, ನನಗದು ಹಬ್ಬ. ಮೊದಲ ಹಿಮ ಬಿತ್ತು.

ವಿಲ್ಬರ್ಟ್‌ಗೆ ಗಂಡು ಮೂಸ್ ಎರಡು ಸಲ ಕಾಣಿಸಿತಂತೆ. ಎರಡು ಸಲವೂ ಕೋವಿ ಎತ್ತುವಷ್ಟರಲ್ಲಿ ಬೆನ್ನು ತಿರುಗಿಸಿತು. ಊಟ ಸೇರುತ್ತಿಲ್ಲ ಅವನಿಗೆ. ಅತ್ತೆಯೂ ನಾನೂ ಅವನ ಶನಿವಾರದ ಮಾತು ಎತ್ತುವುದಿಲ್ಲ. ಎತ್ತಬೇಕಾಗಿಯೂ ಇಲ್ಲ.

ಸೆಪ್ಟೆಂಬರ್ 22

ಮೆಲ್ಲಗೆ ಬರೆಯುತ್ತೇನೆ.

ಕೊಳದ ಬಾಯಲ್ಲಿ ಕೋಳಿ ಹೊಡೆದೆ. ಅದು ಒಣ ಪೊದೆ ಮೇಲೆ ಬಿದ್ದು ಪಟಪಟ ಬಡಿದುಕೊಂಡಿತು. ಎತ್ತಿಕೊಳ್ಳೋಕೆ ಬಗ್ಗಿದರೆ ವಿಲ್ಲೋ ಪೊದೆಯೊಳಗೆ ಯಾರೋ ಗುಟುರು ಹಾಕಿದರು. ಗಂಡು. ಮೊರದಷ್ಟು ಅಗಲದ ಕೊಂಬು. ನನ್ನ ಈಡಿನ ಸದ್ದು ಅದಕ್ಕೆ ಸದ್ದೇ ಅಲ್ಲ. ಪೊದೆ ಬಡಿದದ್ದು ಮಾತ್ರ ಕೇಳಿ, ಕೊಂಬಿನಿಂದ ಪೊದೆ ಬಡಿಯೋ ಇನ್ಯಾವ ಗಂಡು ಬಂತೋ ಅಂತ ನೋಡೋಕೆ ಬಂದಿತ್ತು. ನನ್ನನ್ನು ನೋಡಿತು. ಎಲೆ ಕಿತ್ತು ಅಗಿಯಿತು. ಮತ್ತೆ ನೋಡಿತು.

ಕೈಯಲ್ಲಿ ಚಿಕ್ಕ ಕೋವಿ. ಅದರಿಂದ ಹೊಡೆದರೆ ಗಾಯಗೊಂಡು ಎಲ್ಲೋ ಹೋಗಿ ನರಳಿ ಸಾಯುತ್ತೆ. ಅಂಥ ಕೆಲಸ ನಾನು ಮಾಡಲ್ಲ. ಬಗ್ಗಿದಲ್ಲೇ ಕೂತೆ. ಅದು ತನ್ನಿಷ್ಟದ ಹೊತ್ತಿಗೆ ಹೋಯಿತು.

ಕ್ಯಾಂಪಿಗೆ ಬಂದು ಹೇಳಿದೆ. ವಿಲ್ಬರ್ಟ್ ಮೂಸ್‌ಗೆ ಅಂತ ತಂದ ದೊಡ್ಡ ಕೋವಿ ಎತ್ತಿಕೊಂಡ. ಒರೆಸಿ ನನ್ನ ತೊಡೆ ಮೇಲಿಟ್ಟ.

"ನನ್ ಬಾಯಿ ಕೆಟ್ಟಿದೆ ಅತ್ತಿಗೆ. ನನಗ್ ಸಿಗಲ್ಲ ಅದು. ನಿಮ್ಮೆದುರಿಗೆ ಬಂದ್ ನಿಂತಿದೆ. ನೀವೇ ಹೋಗಿ."

"ನಾನ್ ಇದರಲ್ಲಿ ಹೊಡೆದೇ ಇಲ್ವಲ್ಲೋ."

"ಹತ್ತಿರ ಹೋಗೋಕೆ ಬರತ್ತಲ್ಲ. ಸಾಕು."

ಅತ್ತೆ ನನ್ನ ಕಾಲುಚೀಲ ಸ್ಟವ್ ಪಕ್ಕ ಒಣಹಾಕಿದರು. ಹೆದರಿಕೆಯಾಗುತ್ತಿದೆ. ಬೆಳಗ್ಗೆ ಹೊರಡುತ್ತೇನೆ. ಇದಕ್ಕಿಂತ ಹೆಚ್ಚು ಬರೆಯಬಾರದು.

ಸೆಪ್ಟೆಂಬರ್ 23, ಸಂಜೆ

ಬಂತು. ತಾನಾಗಿ ಬಂತು.

ಒಂದೇ ಈಡು. ಅಷ್ಟು ದಿನ ಪಿಸುಗುಟ್ಟಿಕೊಂಡು ಬದುಕಿದ ಮೇಲೆ ಆ ಸದ್ದಿಗೆ ನಾನೇ ಬೆಚ್ಚಿದೆ. ಭುಜ ಊದಿದೆ. ವಿಲ್ಬರ್ಟ್ ಓಡಿ ಬಂದು ಟೋಪಿ ತೆಗೆದು ನಿಂತ. ಇಬ್ಬರೂ ಸೇರಿ ಸುಲಿದೆವು. ನಡುವೆ ಒಂದು ಸಲ ಅವನು ಅತ್ತ, ನಾನು ನೋಡಲಿಲ್ಲ ಅನ್ನುವ ಹಾಗೆ ಇದ್ದೆ. ಮೂರು ಊರಿಗೆ ಸಾಕಾಗುವಷ್ಟು ಮಾಂಸ.

ಮೊದಲ ತೊಡೆ ಹೊತ್ತು ಬಂದಾಗ ಅತ್ತೆ ಟೆಂಟಿನ ಹೊರಗೆ ಬರಿಗೈಯಲ್ಲಿ ನಿಂತಿದ್ದರು. ಈಡು ಅವರಿಗೂ ಕೇಳಿಸಿತ್ತು. ಮಾಂಸದ ಮೇಲೆ ಕೈಯಿಟ್ಟರು. ಆಮೇಲೆ ಹಾಡಿದರು.

ಹೊಸ ಹಾಡು. ಪಾಟ್ಲಾಚ್‌ಗೆ ಅಂತ ವರ್ಷವಿಡೀ ಒಳಗೊಳಗೇ ಕಟ್ಟಿದ್ದರಂತೆ, ನಮಗೆ ಒಂದು ಸಾಲೂ ಬಿಟ್ಟುಕೊಟ್ಟಿರಲಿಲ್ಲ. ಎಲ್ಮರ್ ಚಿಕ್ಕವನಿದ್ದಾಗ ತೆಪ್ಪದಿಂದ ಬಿದ್ದದ್ದು, ಅವನ ಕಹಿ ಕಾಫಿ, ನಗುವಾಗ ಮುಚ್ಚುತ್ತಿದ್ದ ಒಂದು ಕಣ್ಣು, ಎಲ್ಲ ಅದರಲ್ಲಿದೆ. ವಿಲ್ಬರ್ಟ್ ನೆಲದ ಮೇಲೆ ಕುಸಿದು ಕೂತ. ಮರೆಯಬಾರದು ಅಂತ ನಾನು ಬರೆದುಕೊಳ್ಳುತ್ತಿದ್ದೇನೆ, ಹಾಳೆ ಒದ್ದೆಯಾಗುತ್ತಿದೆ.

ಈಗ ಎರಡನೇ ಸಲ ಶುರುಮಾಡಿದರು. ಕೈ ಚಾಚಿ ಕರೆಯುತ್ತಿದ್ದಾರೆ. ಎಲ್ಮರ್ ಹೆಸರು ಬರುವ ಸಾಲು ಅವರು ಹಾಡಲ್ಲವಂತೆ. ಅದು ಹೆಂಡತಿಯ ಸಾಲಂತೆ, ಗಂಟಲು ಬಿಚ್ಚಿ ಹಾಡಬೇಕಂತೆ. ಅವನು ಹೋದ ದಿನದಿಂದ ಆ ಹೆಸರನ್ನು ನಾನು ಜೋರಾಗಿ ಅಂದಿಲ್ಲ. ಬರೆದಿದ್ದೇನೆ ಅಷ್ಟೇ. ಸಾಲು ಹತ್ತಿರ ಬಂತು, ಹಾಡೋಕೆ ಏಳುತ್ತಿದ್ದೇನೆ, ಇನ್ನೇನು—