ಗುಡ್ಡದ ಮೇಲಿನ ನಾಲ್ಕು ಫಿಲ್ಟರ್‌ಗಳು

ಟುಪೀಸಾ

ತಮ್ಮಾ ಡೆಲ್ಫಿನ್,

ಅಕ್ಕನ ಕಾಗದ ಎಂದು ಹರಿದು ಎಸೆಯಬೇಡ. ಉಪ್ಪಿನ ಲಾರಿಯ ಸಾತುರ್ನಿನೊ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೂ ಗಣಿಯ ಬಾಗಿಲು ಬಿಟ್ಟು ಕದಲಬೇಡ ಎಂದು ಅವನಿಗೆ ಹೇಳಿದ್ದೇನೆ. ನಿನ್ನ ಹಟ ನನಗೆ ಹೊಸದಲ್ಲ, ಥೇಟ್ ಅಪ್ಪನದೇ.

ಅಮ್ಮ ಹೋಗಿ ವರ್ಷವಾಯಿತು. ಅವಳ ಕೊನೆಗಾಲದಲ್ಲಿ ನಾವು ನಿನ್ನನ್ನು ಕರೆಯಲೇ ಇಲ್ಲ ಎಂದು ನೀನು ನಂಬಿದ್ದೀಯ. ಕರೆದರೂ ನೀನು ಬರಲಿಲ್ಲ ಎಂದು ಅಪ್ಪ ನಂಬಿದ್ದಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಡುವೆ ನಿಂತು ನಾನೊಬ್ಬಳು ಬೇಯುತ್ತಿದ್ದೇನೆ.

ನೀನು ಗಣಿಗೆ ಹೋದ ಮೇಲೆ ಗುಡ್ಡದಲ್ಲಿ ಏನಾಯಿತು ಎಂಬುದನ್ನು ಮೊದಲು ಕೇಳು. ನಾಲ್ಕು ರೇಡಿಯೊ ಸ್ಟೇಷನ್‌ಗಳ ನಾಲ್ಕು ಕಂಬಗಳಿದ್ದವಲ್ಲ, ಗಾಳಿಗೆ ಮೂರು ಬಿದ್ದವು. ಉಳಿದ ಒಂದೇ ಆಂಟೆನಾಕ್ಕೆ ಎಲ್ಲವನ್ನೂ ಸೇರಿಸುವ ಕೆಲಸ ನನ್ನ ತಲೆಗೆ ಬಂತು. ಸುಮ್ಮನೆ ತಂತಿಗಳನ್ನು ಗಂಟು ಹಾಕಿದರೆ ಒಂದರ ಶಕ್ತಿ ಇನ್ನೊಂದರೊಳಗೆ ನುಗ್ಗಿ ಸುಟ್ಟುಹಾಕುತ್ತದೆ. ಅದಕ್ಕೇ ಪ್ರತಿ ಸ್ಟೇಷನ್ನಿಗೂ ತಾಮ್ರದ ಡಬ್ಬಿಗಳಿಂದಾದ ಒಂದು ಫಿಲ್ಟರ್. ತನ್ನ ಚಾನೆಲ್ಲನ್ನು ಮೇಲಕ್ಕೆ ಬಿಡುತ್ತದೆ, ಮಿಕ್ಕವಕ್ಕೆ ಬಾಗಿಲು ಮುಚ್ಚುತ್ತದೆ. ಒಂದೊಂದನ್ನೂ ಬೇರೆಬೇರೆಯಾಗಿ ಹದ ಮಾಡಿಯೇ ತಂದಿದ್ದೆ. ಒಂದೇ ಕೊಳವೆಗೆ ಜೋಡಿಸಿದ ಕೂಡಲೇ ನಾಲ್ಕೂ ಹದ ತಪ್ಪಿದವು. ಹೊಸ ಸೊಸೆ ಬಂದ ಕೂಡುಮನೆಯ ಹಾಗೆ, ಒಂದನ್ನು ಸಮಾಧಾನ ಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಡಬ್ಬಿಗಳ ನೆತ್ತಿಯ ಸರಳುಗಳನ್ನು ಕೂದಲೆಳೆಯಷ್ಟು ಎತ್ತುವುದು, ಇಳಿಸುವುದು, ಮತ್ತೆ ನಾಲ್ಕನ್ನೂ ನೋಡುವುದು. ಕೊನೆಗೆ ಎಲ್ಲ ಸರಿಹೋದಾಗ ಸರಳುಗಳು ಒಂದು ಉದ್ದ ಒಂದು ಗಿಡ್ಡವಾಗಿ ನಿಂತಿದ್ದವು. ಆ ಏರುಪೇರೇ ಅವುಗಳ ಹದ.

ನಮ್ಮ ಕೆಚುವಾ ಭಾಷೆಯ ಸ್ಟೇಷನ್ನಿನ ಫಿಲ್ಟರ್‌ಗೆ ಅಪ್ಪನನ್ನೇ ಧರ್ಮತಂದೆ ಮಾಡಿದೆವು. ಲಾರಿಗೆ, ಒಲೆಗೆ, ಹೊಲಿಗೆ ಯಂತ್ರಕ್ಕೆ ಧರ್ಮತಂದೆಯನ್ನು ಹುಡುಕುವ ಊರು ನಮ್ಮದು, ಫಿಲ್ಟರ್ ಏನು ಪಾಪ ಮಾಡಿತ್ತು? ಅಪ್ಪ ಹೊಸ ಟೋಪಿ ಹಾಕಿಕೊಂಡು ಬಂದು, "ಇದಾದ್ರೂ ನನ್ನ ಮಾತು ಕೇಳೋ ಮಗು ಆಗ್ಲಿ" ಅಂದ. ನಿನ್ನನ್ನು ಚುಚ್ಚಿ ಅಂದದ್ದೇ ಅದು. ತನ್ನ ಜೊತೆಯ ಗಾರೆ ಕೆಲಸ ಬಿಟ್ಟು ನೀನು ಗಣಿಗೆ ಹೋದ ಸಂಕಟ ಅವನಿಗೆ ಇಳಿದಿರಲಿಲ್ಲ.

ಕಾರ್ನಿವಾಲಿನ ಮಂಗಳವಾರ ಬಂತು. ಜನ ತಮ್ಮ ತಮ್ಮ ಮನೆಗೆ, ಹೊಲಕ್ಕೆ ಬಣ್ಣದ ಕಾಗದ ಸುತ್ತಿ ಸಾರಾಯಿ ಚಿಮುಕಿಸುತ್ತಿರುವಾಗ ಅಪ್ಪ ನನ್ನಿಂದ ಬೀಗದ ಕೈ ಇಸಿದುಕೊಂಡು ಗುಡ್ಡ ಹತ್ತಿದ. ಧರ್ಮಮಗುವನ್ನು ಸಿಂಗರಿಸುವುದು ಅವನ ಹಕ್ಕು, ನಾನು ತಡೆಯುವುದುಂಟೇ? ಸಿಂಗರಿಸಿದ ಮೇಲೆ ಅವನ ಕಣ್ಣು ಸರಳುಗಳ ಮೇಲೆ ಬಿದ್ದಿರಬೇಕು. ಜೀವಮಾನವೆಲ್ಲ ರಸಮಟ್ಟ ಹಿಡಿದ ಕೈ ಅದು, ಏರುಪೇರು ಕಂಡರೆ ಅವನಿಗೆ ಅನ್ನ ಸೇರದು. ನಟ್ಟು ಸಡಿಲಿಸಿ, ಸರಳುಗಳನ್ನೆಲ್ಲ ಒಂದೇ ಮಟ್ಟಕ್ಕೆ ತಂದು, ಚೆನ್ನಾಗಿ ಬಿಗಿದು ಇಳಿದು ಬಂದ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನನ್ನಾದರೂ ಮಾಡಿದ್ದೇನೆ ಎಂದು ಅವನಿಗೆ ಅನಿಸಿಯೇ ಇರಲಿಲ್ಲ.

ಅದೇ ವಾರ ಅಮ್ಮ ಕುಸಿದಳು. ಬೆಳಗ್ಗೆ ಸಂಜೆ ನಮ್ಮ ಸ್ಟೇಷನ್ನಿನಿಂದ ಹೇಳಿಸಿದೆವು: "ಲೀಪೆಸ್ ಗಣಿಯಲ್ಲಿರೋ ಡೆಲ್ಫಿನ್ ಕೋಲ್ಕೆ, ನಿಮ್ಮಮ್ಮಂಗೆ ಕಾಯಿಲೆ ತುಂಬಾ ಜೋರಾಗಿದೆ. ಸಿಕ್ಕಿದ ಲಾರಿ ಹತ್ಕೊಂಡು ಬಂದ್ಬಿಡು." ಊರಿಗೆಲ್ಲ ಕೇಳಿಸಿತು. ಅಮ್ಮನೂ ಹಾಸಿಗೆಯಲ್ಲಿ ಕೇಳಿಸಿಕೊಂಡಳು. "ಮಗ ಹೊರಟಿರ್ತಾನೆ, ಸಾರಿಗೆ ನೀರು ಜಾಸ್ತಿ ಹಾಕು" ಅಂದಳು. ಲಾರಿ ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದಳು. ಹದ ತಪ್ಪಿದ ಫಿಲ್ಟರ್ ಹೆಚ್ಚಿನ ಶಕ್ತಿಯನ್ನೆಲ್ಲ ಹಿಂದಕ್ಕೆ ದೂಡುತ್ತಿತ್ತು, ಗುಡ್ಡದ ಬುಡದಲ್ಲಿರುವ ನಮಗೆ ಸೋರಿದಷ್ಟೇ ಸಾಕಾಗಿತ್ತು. ನಿನ್ನ ತನಕ ಅದು ಬರಲೇ ಇಲ್ಲ. ಅಮ್ಮನ ಕೈ ಬಿಟ್ಟು ಗುಡ್ಡ ಹತ್ತಿ ನೋಡಬೇಕೆಂದು ನನಗೆ ಹೊಳೆಯುವುದಾದರೂ ಹೇಗೆ?

ಮಣ್ಣು ಮಾಡಿ ಬಂದ ಮೇಲೆ ಹತ್ತಿದೆ. ಬಣ್ಣದ ಕಾಗದದ ನಡುವೆ ಸರಳುಗಳು ಕಟ್ಟಿದ ಗೋಡೆಯ ತಲೆಯ ಹಾಗೆ ಮಟ್ಟವಾಗಿದ್ದವು. ಯಾರ ಕೈ ಎಂದು ಕೇಳಬೇಕಾಗಿರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ ತಮ್ಮಾ, ಅಮ್ಮ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಆಮೇಲೆ ನೀನು ಬಂದೆ, ಏನೂ ಗೊತ್ತಿಲ್ಲದೆ, ನಗುನಗುತ್ತಾ, ಅಮ್ಮನಿಗೆಂದು ಲಾಮಾ ಉಣ್ಣೆಯ ಕಂಬಳಿ ಹೊತ್ತುಕೊಂಡು. ಅಪ್ಪ ಹೊಸ್ತಿಲಲ್ಲೇ ತಡೆದ. "ಊರಿಗೆಲ್ಲ ಕೇಳಿಸ್ತು, ನಿನಗೊಬ್ಬನಿಗೆ ಕೇಳಿಸ್ಲಿಲ್ವಾ?" ಅಂದ. "ದಿನಾ ರೇಡಿಯೊ ಮುಂದೇನೇ ಕೂತಿದ್ದೆ. ನೀವು ಕರೀಲೇ ಇಲ್ಲ" ಅಂದೆ ನೀನು. ಚಳಿಗೆ ಫಿಲ್ಟರ್ ಕೆಟ್ಟಿತ್ತು ಎಂದು ನಾನು ಬಡಕೊಂಡೆ, ನೀವಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಲೋಟ ನೀರೂ ಕುಡಿಯದೆ ಹೋದೆ. ಆ ಕಂಬಳಿ ನನ್ನ ಪೆಟ್ಟಿಗೆಯಲ್ಲಿದೆ.

ಅಪ್ಪನ ಎದೆಯಲ್ಲಿ ಸುಣ್ಣದ ಧೂಳು ತುಂಬಿದೆಯಂತೆ. ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಈ ಕಾರ್ನಿವಾಲಿಗೂ ಏದುಸಿರು ಬಿಡುತ್ತಾ ಗುಡ್ಡ ಹತ್ತಿದ. ಫಿಲ್ಟರ್ ಮೇಲೆ ನಾನು ಮರದ ಪೆಟ್ಟಿಗೆ ಕವುಚಿ ಬೀಗ ಹಾಕಿದ್ದೆ. "ಧರ್ಮತಂದೆಗೇ ಮಗು ಮುಖ ತೋರ್ಸಲ್ವಾ?" ಎಂದು ಮುನಿಸಿಕೊಂಡು ಪೆಟ್ಟಿಗೆಗೇ ಕಾಗದ ಸುತ್ತಿ ಬಂದ. ನಿನ್ನ ಹೆಸರೆತ್ತುವುದಿಲ್ಲ. ಆದರೆ ರಾತ್ರಿ ಬಾಗಿಲಿಗೆ ಅಗುಳಿ ಹಾಕಬೇಡ ಅನ್ನುತ್ತಾನೆ. ಯಾಕೆ ಎಂದು ಕೇಳಿದರೆ ಸೆಖೆ ಅನ್ನುತ್ತಾನೆ, ಹೊರಗೆ ನೀರು ಹೆಪ್ಪುಗಟ್ಟುತ್ತಿರುತ್ತದೆ.

ಬಾ. ಆದರೆ ಈ ಕಾಗದದಲ್ಲಿರುವುದನ್ನು ಅವನ ಮುಂದೆ ಬಾಯಿಬಿಡಬೇಡ. "ಕೇಳಿಸ್ತು ಅಪ್ಪಾ, ಕುಡಿದು ಬಿದ್ದಿದ್ದೆ, ತಪ್ಪಾಯ್ತು" ಅನ್ನು. ನೀನು ಹನಿ ಮುಟ್ಟುವವನಲ್ಲ, ನನಗೆ ಗೊತ್ತು. ಬೈಯುತ್ತಾನೆ, ಕೈ ಎತ್ತಿದರೂ ಎತ್ತಿಯಾನು, ತಡೆದುಕೋ. ಆಮೇಲೆ ಕ್ಷಮಿಸುತ್ತಾನೆ. ನಿನ್ನನ್ನು ಕ್ಷಮಿಸಲು ಅವನಿಗೆ ಇನ್ನೂ ಶಕ್ತಿಯಿದೆ. ತನ್ನನ್ನು ತಾನು ಕ್ಷಮಿಸಿಕೊಳ್ಳುವಷ್ಟು ಕಾಲ ಅವನಿಗೆ ಉಳಿದಿಲ್ಲ.

ಘಾಟಿಯ ದಾರಿಯಲ್ಲಿ ಭೂತಾಯಿ ನಿನ್ನ ಕೈ ಹಿಡಿದಿರಲಿ, ಅಮ್ಮನ ಆಶೀರ್ವಾದ ನಿನ್ನ ನೆತ್ತಿಯ ಮೇಲಿರಲಿ.

ಅನ್ಯಾಯವನ್ನೇ ಬೇಡುತ್ತಿರುವ ನಿನ್ನ ಅಕ್ಕ,
ಹಸಿಂತಾ